ಸಿಟ್ಟು ಒಂದೇ, ಸೀಟು ಬೇರೆ ಬೇರೆ: ಯುರೋಪಿನ 2024

ಜರ್ಮನಿಯಲ್ಲಿ ಡೋನರ್ ಅಂತ ಒಂದು ತಿಂಡಿ ಇದೆ. ನಮ್ಮ ಬೀದಿಗಳಲ್ಲಿ ಸಿಗುವ ಶವರ್ಮಾಗೆ ಅಣ್ಣ ಇದ್ದ ಹಾಗೆ. ಕಂಬಿಗೆ ಚುಚ್ಚಿ ನಿಲ್ಲಿಸಿದ ಮಾಂಸ ಸುತ್ತುತ್ತಾ ಬೇಯುತ್ತಿರುತ್ತದೆ. ಉದ್ದನೆಯ ಚಾಕುವಿನಿಂದ ಅದನ್ನು ಹೆರೆದು, ಎಲೆಕೋಸು, ಈರುಳ್ಳಿ, ಸಾಸ್ ಸೇರಿಸಿ ಬ್ರೆಡ್ಡಿನೊಳಗೆ ತುಂಬಿ ಕೊಡುತ್ತಾರೆ. ಟರ್ಕಿಯಿಂದ ದುಡಿಯಲು ಬಂದವರು ಅದನ್ನು ಅಲ್ಲಿ ಮನೆಮಾತು ಮಾಡಿದರು. ಕೆಲವು ವರ್ಷಗಳ ಹಿಂದೆ ನಾಲ್ಕು ಯೂರೊಗೆ ಸಿಗುತ್ತಿದ್ದದ್ದು 2024ರ ಹೊತ್ತಿಗೆ ಹಲವು ಊರುಗಳಲ್ಲಿ ಏಳು ಯೂರೊ ದಾಟಿತ್ತು. ಆಗಿನ ಚಾನ್ಸಲರ್ (ಅಲ್ಲಿನ ಪ್ರಧಾನಿ) ಒಲಾಫ್ ಶೋಲ್ಜ್ ಎಲ್ಲಿಗೆ ಹೋದರೂ ಹುಡುಗರು ‘ಡೋನರ್ ಬೆಲೆಗೆ ಮಿತಿ ಹಾಕ್ತೀರಾ?’ ಅಂತ ಕೇಳುತ್ತಿದ್ದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಎಡಪಕ್ಷ ‘ಡಿ ಲಿಂಕೆ’ಯಂತೂ ಆ ವರ್ಷದ ಮೇ ತಿಂಗಳಲ್ಲಿ ಡೋನರ್‌ಗೆ 4.90 ಯೂರೊ ಮಿತಿ ಇರಬೇಕು ಎಂದು ಬೇಡಿಕೆಯನ್ನೇ ಇಟ್ಟಿತು. ಪತ್ರಿಕೆಗಳು ನಕ್ಕವು. ಆದರೆ ಆ ವರ್ಷ ಯುರೋಪಿನ ಸರ್ಕಾರಗಳು ಒಂದರ ಹಿಂದೆ ಒಂದು ಯಾಕೆ ಮಗುಚಿಬಿದ್ದವು ಎಂದು ತಿಳಿಯಬೇಕಾದರೆ ಈ ತಿಂಡಿ ಅಂಗಡಿಯಿಂದ ಶುರು ಮಾಡುವುದೇ ಒಳ್ಳೆಯದು.

ನಮ್ಮ ಪತ್ರಿಕೆಗಳಲ್ಲಿ ಆ ವರ್ಷದ ಸುದ್ದಿ ಬಂದಿದ್ದು ಹೆಚ್ಚುಕಮ್ಮಿ ಒಂದೇ ತಲೆಬರಹದಲ್ಲಿ: ‘ಯುರೋಪಿನಲ್ಲಿ ಬಲಪಂಥದ ಅಲೆ’. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಜನ ಕುರ್ಚಿಯ ಮೇಲೆ ಯಾರಿದ್ದರೋ ಅವರನ್ನು ಇಳಿಸಲು ಹೊರಟಿದ್ದರು. ಬಲದವರು ಕೂತಿದ್ದ ಕಡೆ ಎಡದವರು ಬಂದರು, ಎಡದವರು ಕೂತಿದ್ದ ಕಡೆ ಬಲದವರು. ಇನ್ನೂ ಒಂದು ಸಂಗತಿ ಇದೆ, ನನ್ನ ಪ್ರಕಾರ ಅದೇ ಮುಖ್ಯ. ಎಲ್ಲ ದೇಶಗಳಲ್ಲೂ ಸಿಟ್ಟು ಸುಮಾರು ಒಂದೇ ಥರ ಇತ್ತು. ಮತಗಳನ್ನು ಸೀಟುಗಳಾಗಿ ಬದಲಿಸುವ ನಿಯಮ ಮಾತ್ರ ದೇಶಕ್ಕೊಂದು ಥರ. ಹಾಗಾಗಿ ಒಂದೇ ಸಿಟ್ಟು ಒಂದು ಕಡೆ ಭರ್ಜರಿ ಬಹುಮತವಾಯಿತು, ಇನ್ನೊಂದು ಕಡೆ ಅತಂತ್ರ ಸಂಸತ್ತಾಯಿತು, ಮತ್ತೊಂದು ಕಡೆ ಚುನಾವಣೆಯೇ ರದ್ದಾಯಿತು.

ಮೊದಲು ಸಿಟ್ಟಿನ ಲೆಕ್ಕ ನೋಡೋಣ. ಯೂರೊ ಬಳಸುವ ದೇಶಗಳಲ್ಲಿ 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 10.6ಕ್ಕೆ ಏರಿತ್ತು. ರಷ್ಯಾ–ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ದುಬಾರಿಯಾಗಿದ್ದ ಕಾಲ ಅದು. 2024ರ ಕೊನೆಗೆ ಹಣದುಬ್ಬರ ಶೇ 2.4ಕ್ಕೆ ಇಳಿಯಿತು. ಸರ್ಕಾರಗಳು ಬೆನ್ನು ತಟ್ಟಿಕೊಂಡವು. ಜನ ಯಾಕೆ ಖುಷಿಯಾಗಲಿಲ್ಲ? ಹಣದುಬ್ಬರ ಇಳಿದರೆ ಬೆಲೆ ಇಳಿದಂತಲ್ಲ. ಬೆಲೆ ಏರುವ ವೇಗ ಕಮ್ಮಿಯಾಯಿತು, ಅಷ್ಟೇ. ನಾಲ್ಕರಿಂದ ಏಳಕ್ಕೆ ಏರಿದ ಡೋನರ್ ಮತ್ತೆ ನಾಲ್ಕಕ್ಕೆ ಬರಲಿಲ್ಲ. ಏಳರಲ್ಲೇ ಕೂತಿತು. ಬ್ಯಾಂಕಿನವರು ಹೋದ ವರ್ಷದ ಜೊತೆ ಹೋಲಿಸುತ್ತಾರೆ. ಅಂಗಡಿಗೆ ಹೋದವರು ತಮಗೆ ನೆನಪಿರುವ ಬೆಲೆಯ ಜೊತೆ ಹೋಲಿಸುತ್ತಾರೆ. ಮತ ಹಾಕುವವರು ಈ ಎರಡನೆಯವರು. ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳೆಲ್ಲ ಸೇರಿ ಆರಿಸುವ ಯುರೋಪಿಯನ್ ಸಂಸತ್ತಿನ ಚುನಾವಣೆ ಮುಗಿದ ಮೇಲೆ ‘ಮತ ಹಾಕಲು ಏನು ಕಾರಣ?’ ಎಂದು ಯುರೋಬ್ಯಾರೋಮೀಟರ್ ಸಮೀಕ್ಷೆ ಕೇಳಿತು. ಬೆಲೆ ಏರಿಕೆ ಎಂದವರು ಶೇ 42, ಆರ್ಥಿಕ ಪರಿಸ್ಥಿತಿ ಎಂದವರು ಶೇ 41.

ಬರೀ ಬಲಪಂಥದ ಅಲೆಯಾಗಿದ್ದರೆ ಆ ಜೂನ್‌ನಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್‌ನಲ್ಲಿ ಆಗಿದ್ದನ್ನು ವಿವರಿಸುವುದು ಕಷ್ಟ. ಫಿನ್ಲೆಂಡ್‌ನ ‘ಫಿನ್ಸ್’ ಪಕ್ಷ ವಲಸೆಯನ್ನು ಕಟುವಾಗಿ ವಿರೋಧಿಸುವ ಪಕ್ಷ. ಅದು ಶೇ 13.8ರಿಂದ ಶೇ 7.6ಕ್ಕೆ ಕುಸಿಯಿತು. ಸ್ವೀಡನ್ ಡೆಮಾಕ್ರಾಟ್ಸ್ ಕೂಡ ಕೆಳಗಿಳಿದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಫಿನ್ಸ್ ಆಗ ಸರ್ಕಾರದೊಳಗೇ ಇದ್ದರು. ಸ್ವೀಡನ್‌ನವರು ಹೊರಗಿನಿಂದ ಸರ್ಕಾರಕ್ಕೆ ಹೆಗಲು ಕೊಟ್ಟಿದ್ದರು. ಅಕ್ಟೋಬರ್‌ನಲ್ಲಿ ಲಿಥುವೇನಿಯಾದ ಮತದಾರರು ಬಲಪಂಥದ ಸರ್ಕಾರವನ್ನು ಇಳಿಸಿ ಸೋಷಿಯಲ್ ಡೆಮಾಕ್ರಾಟರನ್ನು ತಂದರು. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಪೋರ್ಚುಗಲ್‌ನ ಜನ ಸಮಾಜವಾದಿಗಳನ್ನು ಇಳಿಸಿದ್ದರು. ಅಲ್ಲಿ 2019ರಲ್ಲಿ ಒಂದೇ ಒಂದು ಸೀಟಿದ್ದ ಕಡುಬಲದ ‘ಶೇಗಾ’ ಪಕ್ಷಕ್ಕೆ 230ರಲ್ಲಿ 50 ಸೀಟು ಬಂದವು.

ಇದಕ್ಕೆ ಒಗ್ಗದ ಉದಾಹರಣೆಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಇಟಲಿಯ ಜಾರ್ಜಿಯಾ ಮೆಲೋನಿ ಅಧಿಕಾರದಲ್ಲಿದ್ದುಕೊಂಡೇ ಜೂನ್‌ನಲ್ಲಿ ಶೇ 28.8 ಪಡೆದರು, 2022ಕ್ಕಿಂತ ಜಾಸ್ತಿ. (ನಮ್ಮಲ್ಲಿ ಆಕೆಯನ್ನು ಮೀಮ್‌ಗಳಿಂದ ಗುರುತಿಸುವವರೇ ಹೆಚ್ಚು. ಇರಲಿ.) ಐರ್ಲೆಂಡ್‌ನಲ್ಲೂ ಆಳುತ್ತಿದ್ದ ಎರಡು ದೊಡ್ಡ ಪಕ್ಷಗಳು ನವೆಂಬರ್ ಚುನಾವಣೆಯ ನಂತರ ಅಧಿಕಾರ ಉಳಿಸಿಕೊಂಡವು.

ಮಳೆಯಲ್ಲಿ ನೆಂದ ಪ್ರಧಾನಿ

ಬ್ರಿಟನ್‌ನ ಕಥೆ ನಮಗೆ ಸ್ವಲ್ಪ ಹತ್ತಿರದ್ದು. ರಿಷಿ ಸುನಕ್ ನಾರಾಯಣ ಮೂರ್ತಿ–ಸುಧಾ ಮೂರ್ತಿ ದಂಪತಿಯ ಅಳಿಯ. ಅವರು ಪ್ರಧಾನಿಯಾದಾಗ ಬೆಂಗಳೂರಿನಲ್ಲಿ ‘ನಮ್ಮ ಅಳಿಯ’ ಎಂದು ಸಂಭ್ರಮಪಟ್ಟವರು ಕಮ್ಮಿಯಿಲ್ಲ. 2024ರ ಮೇ 22ರಂದು ಅದೇ ಅಳಿಯ ಡೌನಿಂಗ್ ಸ್ಟ್ರೀಟ್‌ನ ಬಾಗಿಲ ಮುಂದೆ ನಿಂತು ಚುನಾವಣೆ ಘೋಷಿಸಿದರು. ಮಳೆ ಸುರಿಯುತ್ತಿತ್ತು. ತಲೆಯ ಮೇಲೆ ಕೊಡೆಯಿಲ್ಲ. ಕೋಟು ತೊಯ್ದು ತೊಪ್ಪೆಯಾಯಿತು. ಗೇಟಿನಾಚೆ ಪ್ರತಿಭಟನಕಾರರೊಬ್ಬರು ಲೇಬರ್ ಪಕ್ಷದ ಹಳೆಯ ಚುನಾವಣಾ ಹಾಡನ್ನು ಜೋರಾಗಿ ಹಾಕಿದ್ದರು. ಪ್ರಧಾನಿಯ ಮಾತೇ ಸರಿಯಾಗಿ ಕೇಳಲಿಲ್ಲ. ಒಳಗೆ ಅಷ್ಟು ದೊಡ್ಡ ಮನೆ ಇರುವಾಗ ಹೊರಗೇ ನಿಂತು ಯಾಕೆ ನೆನೆದರೋ, ನನಗಂತೂ ಈಗಲೂ ಅರ್ಥವಾಗಿಲ್ಲ.

ಜುಲೈ 4ರ ಫಲಿತಾಂಶ ನೋಡಿದವರಿಗೆ ಲೇಬರ್ ಸುನಾಮಿ ಎದ್ದಂತೆ ಕಂಡಿತು. 650 ಸೀಟುಗಳಲ್ಲಿ ಕೀರ್ ಸ್ಟಾರ್ಮರ್ ಪಕ್ಷಕ್ಕೆ 411. ಸುನಕ್ ಅವರ ಕನ್ಸರ್ವೇಟಿವ್ ಪಕ್ಷ 121ಕ್ಕೆ ಇಳಿಯಿತು. ಆದರೆ ಮತದ ಲೆಕ್ಕ ನೋಡಿ. ಲೇಬರ್‌ಗೆ ಬಿದ್ದಿದ್ದು ಶೇ 33.7 ಮಾತ್ರ. 2019ರಲ್ಲಿ ಹೀನಾಯವಾಗಿ ಸೋತಾಗಲೂ ಅದಕ್ಕೆ ಶೇ 32.1 ಇತ್ತು. ಒಟ್ಟು ಮತಗಳನ್ನು ಎಣಿಸಿದರೆ ಸೋತ ವರ್ಷವೇ ಜಾಸ್ತಿ! ಗೆದ್ದಾಗ 97 ಲಕ್ಷ, ಸೋತಾಗ ಒಂದು ಕೋಟಿಗೂ ಮೇಲೆ.

ಹಾಗಾದರೆ ಗೆದ್ದಿದ್ದು ಹೇಗೆ? ಸೌತ್ ವೆಸ್ಟ್ ನಾರ್ಫೋಕ್ ಕ್ಷೇತ್ರವನ್ನು ನೋಡೋಣ. 49 ದಿನ ಪ್ರಧಾನಿಯಾಗಿದ್ದ ಕನ್ಸರ್ವೇಟಿವ್ ಪಕ್ಷದ ಲಿಜ್ ಟ್ರಸ್ ಅವರ ಕ್ಷೇತ್ರ ಇದು. 2019ರಲ್ಲಿ ಅವರು ಇಲ್ಲಿ 26 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. ಈ ಸಲ 630 ಮತಗಳಿಂದ ಸೋತರು. ಗೆದ್ದ ಲೇಬರ್ ಅಭ್ಯರ್ಥಿಗೆ ಸಿಕ್ಕಿದ್ದು ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೈಜಲ್ ಫರಾಜ್ ಅವರ ಬಲಪಂಥದ ‘ರಿಫಾರ್ಮ್’ ಪಕ್ಷ ಅಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮತ ಕಿತ್ತುಕೊಂಡಿತ್ತು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರಲ್ಲ, ಅದೇ ಕಥೆ ನೂರಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ನಡೆಯಿತು.

ರಿಫಾರ್ಮ್ ಪಕ್ಷಕ್ಕೆ ಮಾತ್ರ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ದೇಶದಾದ್ಯಂತ 41 ಲಕ್ಷ ಮತ, ಸೀಟು 5. ಲಿಬರಲ್ ಡೆಮಾಕ್ರಾಟ್ಸ್‌ಗೆ 35 ಲಕ್ಷ ಮತ, ಸೀಟು 72. ಒಬ್ಬರ ಮತ ತೆಳ್ಳಗೆ ಎಲ್ಲ ಕಡೆ ಹರಡಿತ್ತು, ಇನ್ನೊಬ್ಬರದು ಬೇಕಾದ ಕ್ಷೇತ್ರಗಳಲ್ಲಿ ಗುಡ್ಡೆ ಬಿದ್ದಿತ್ತು. ಕನ್ನಡಿಗರಿಗೆ ಇದು ಹೊಸದೇನಲ್ಲ. ಈ ಪದ್ಧತಿ ನಮಗೆ ಬಂದಿದ್ದೇ ಬ್ರಿಟಿಷರಿಂದ. 2018ರ ವಿಧಾನಸಭಾ ಚುನಾವಣೆಯಲ್ಲಿ ಹೆಚ್ಚು ಮತ ಬಿದ್ದಿದ್ದು ಕಾಂಗ್ರೆಸ್‌ಗೆ, ಹೆಚ್ಚು ಸೀಟು ಬಂದಿದ್ದು ಬಿಜೆಪಿಗೆ. ನೆನಪಿದೆ ಅಲ್ವಾ?

ಮೂರನೇ ಒಂದು ಭಾಗ ಮತದ ಮೇಲೆ ಮೂರನೇ ಎರಡರಷ್ಟು ಸೀಟು ನಿಂತರೆ ಅಡಿಪಾಯ ಗಟ್ಟಿಯಿರುವುದಿಲ್ಲ. ಹೊಸ ಸರ್ಕಾರ ಬಂದ ತಿಂಗಳಲ್ಲೇ ವಯಸ್ಸಾದವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕಿತು. 200ರಿಂದ 300 ಪೌಂಡ್‌ನ ವಿಷಯ. ಸುಮಾರು ಒಂದು ಕೋಟಿ ಪಿಂಚಣಿದಾರರಿಗೆ ಅದು ತಪ್ಪಿತು. ಬೆಲೆ ಏರಿಕೆಯ ಸಿಟ್ಟಿನ ಮೇಲೆ ಸವಾರಿ ಮಾಡಿ ಬಂದವರು ಮುಟ್ಟಬಾರದ ಕಡೆಗೇ ಮೊದಲು ಕೈ ಹಾಕಿದ್ದರು. ಆ ವರ್ಷ ಮುಗಿಯುವ ಮೊದಲೇ ಸ್ಟಾರ್ಮರ್ ಜನಪ್ರಿಯತೆ ಜರ್ರನೆ ಇಳಿದಿತ್ತು.

ಪ್ಯಾರಿಸ್‌ನ ಜೂಜು

ಫ್ರಾನ್ಸ್‌ನಲ್ಲಿ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ಸಂಸತ್ತಿನ ಅವಧಿ 2027ರವರೆಗೆ ಇತ್ತು. ಜೂನ್ 9ರ ರಾತ್ರಿ ಯುರೋಪಿಯನ್ ಸಂಸತ್ತಿನ ಫಲಿತಾಂಶ ಬಂತು. ಮರೀನ್ ಲೆ ಪೆನ್ ಅವರ ಕಡುಬಲದ ‘ನ್ಯಾಷನಲ್ ರ‍್ಯಾಲಿ’ಗೆ ಶೇ 31, ಮ್ಯಾಕ್ರಾನ್ ಬಣಕ್ಕೆ ಅದರ ಅರ್ಧಕ್ಕಿಂತ ಕಮ್ಮಿ. ಅದೇ ರಾತ್ರಿ ಅವರು ಟಿವಿಯಲ್ಲಿ ಬಂದು ರಾಷ್ಟ್ರೀಯ ಸಂಸತ್ತನ್ನೇ ವಿಸರ್ಜಿಸಿಬಿಟ್ಟರು. ಮೂರು ವಾರದಲ್ಲಿ ಚುನಾವಣೆ! ಅವರದೇ ಪಕ್ಷದವರು ಕಂಗಾಲಾದರು.

ಫ್ರಾನ್ಸ್‌ನಲ್ಲಿ ಎರಡು ಸುತ್ತು ಮತದಾನ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮುಂದಿನವರು ಎರಡನೇ ಸುತ್ತಿಗೆ ಹೋಗುತ್ತಾರೆ. ಮೊದಲ ಇಬ್ಬರ ಜೊತೆಗೆ, ನೋಂದಾಯಿತ ಮತದಾರರಲ್ಲಿ ಶೇ 12.5ರಷ್ಟು ಜನರ ಮತ ಪಡೆದವರಿಗೂ ಅವಕಾಶ ಇದೆ. ಹಾಗಾಗಿ ಮೂವರು ಉಳಿಯುವುದುಂಟು. ಜೂನ್ 30ರಂದು ಮತಗಟ್ಟೆಗೆ ಬಂದವರು ಶೇ 66ಕ್ಕೂ ಹೆಚ್ಚು ಮಂದಿ. ಅಷ್ಟು ಜನ ಬಂದಿದ್ದರಿಂದಲೇ ಹೆಚ್ಚು ಅಭ್ಯರ್ಥಿಗಳು ಆ ಗೆರೆ ದಾಟಿದರು. ಮುನ್ನೂರಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ತ್ರಿಕೋನ ಸ್ಪರ್ಧೆಯ ಸಾಧ್ಯತೆ ಹುಟ್ಟಿತು. ಶೇ 33 ಮತದೊಂದಿಗೆ ಲೆ ಪೆನ್ ಬಣ ಎಲ್ಲರಿಗಿಂತ ಮುಂದಿತ್ತು. ಮತ ಹೀಗೆಯೇ ಮೂರು ಪಾಲಾದರೆ ಬಹುಮತ ಅವರ ಕೈಗೆಟುಕುವ ಹಾಗಿತ್ತು.

ಆಗ ಎರಡೇ ದಿನದಲ್ಲಿ ಒಂದು ಸ್ವಾರಸ್ಯ ನಡೆಯಿತು. ಎಡದವರು ಮತ್ತು ಮ್ಯಾಕ್ರಾನ್ ಕಡೆಯವರು ಸೇರಿ 200ಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದರು. ‘ನಾನು ಮೂರನೆಯವನು, ನನ್ನಿಂದ ಅವರು ಗೆಲ್ಲುವುದು ಬೇಡ’ ಎಂಬ ಲೆಕ್ಕ. ಫ್ರೆಂಚ್ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಚೀಟಿ ಇರುತ್ತದೆ. ಬೇಕಾದ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಗೆ ಬಿಡುತ್ತಾರೆ. ಜುಲೈ 7ರಂದು ಮೇಜಿನ ಮೇಲೆ ಹಲವು ಕಡೆ ಎರಡೇ ಚೀಟಿ. ಎಡಪಂಥೀಯರು ತಾವು ವರ್ಷಗಟ್ಟಲೆ ಬೈದ ಮ್ಯಾಕ್ರಾನ್ ಮಂತ್ರಿಗಳ ಚೀಟಿ ಎತ್ತಿಕೊಂಡರು. ವ್ಯಾಪಾರಸ್ಥ ಮಧ್ಯಮ ವರ್ಗದವರು ಮೂಗು ಮುಚ್ಚಿಕೊಂಡು ಸಮಾಜವಾದಿಗಳ ಚೀಟಿ ಹಿಡಿದರು. ಒಂದು ಕೋಟಿ ದಾಟಿ ಮತ ಪಡೆದ ಲೆ ಪೆನ್ ಬಣ ಸೀಟಿನಲ್ಲಿ ಮೂರನೇ ಸ್ಥಾನಕ್ಕೆ ಬಂತು, 577ರಲ್ಲಿ 140ರ ಆಸುಪಾಸು. ಎಡ ಮೈತ್ರಿಕೂಟ ಮೊದಲು, ಮ್ಯಾಕ್ರಾನ್ ಬಣ ಎರಡನೆಯದು. ಅಭ್ಯರ್ಥಿಗಳು ಹಿಂದೆ ಸರಿದ ಕ್ಷೇತ್ರಗಳಲ್ಲಿ ಅವರ ಬಣಗಳ ಮತ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಒಟ್ಟು ಮತಗಳ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಆದರೂ ಲೆ ಪೆನ್ ಬಣದ ಮತದಾರರ ಮಟ್ಟಿಗೆ ಅದು ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

ಯಾರಿಗೂ ಬಹುಮತವಿಲ್ಲ. ಒಲಿಂಪಿಕ್ಸ್ ಮುಗಿಯುವವರೆಗೆ ಹಳೆಯ ಪ್ರಧಾನಿಯೇ ಉಸ್ತುವಾರಿ. ಸೆಪ್ಟೆಂಬರ್ 5ರಂದು ಮಿಷೆಲ್ ಬಾರ್ನಿಯೆ ಪ್ರಧಾನಿಯಾದರು. ಎರಡು ಸುತ್ತಿನಲ್ಲೂ ಹಿಂದೆ ಬಿದ್ದಿದ್ದ ಒಂದು ಪುಟ್ಟ ಪಕ್ಷದವರು. ಬಜೆಟ್ ಕೊರತೆ ಜಿಡಿಪಿಯ ಶೇ 6ರ ಹತ್ತಿರ ಬಂದಿತ್ತು, ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕು. ಕತ್ತರಿ ಎತ್ತಿದ ಕೂಡಲೇ ಎಡ ಮತ್ತು ಕಡುಬಲ ಎರಡೂ ಒಟ್ಟಿಗೆ ಕೈ ಎತ್ತಿದವು. ಡಿಸೆಂಬರ್ 4ರಂದು ಅವಿಶ್ವಾಸ ನಿರ್ಣಯಕ್ಕೆ 331 ಮತ ಬಿತ್ತು. ಫ್ರಾನ್ಸ್‌ನಲ್ಲಿ ಅವಿಶ್ವಾಸದಿಂದ ಸರ್ಕಾರ ಬಿದ್ದಿದ್ದು 1962ರ ನಂತರ ಅದೇ ಮೊದಲು. ಜುಲೈನಲ್ಲಿ ಲೆ ಪೆನ್ ಅವರನ್ನು ತಡೆಯಲು ಒಂದಾಗಿದ್ದವರು ಡಿಸೆಂಬರ್‌ನಲ್ಲಿ ಒಂದು ಬಜೆಟ್ ಮೇಲೆ ಒಂದಾಗಲಿಲ್ಲ. ಯಾರು ಬೇಡ ಎಂಬುದನ್ನು ಮತದಾರರು ಸ್ಪಷ್ಟವಾಗಿ ಹೇಳಿದ್ದರು. ಯಾರು ಬೇಕು ಎಂಬ ಪ್ರಶ್ನೆಗೆ ಆ ಎರಡು ಚೀಟಿಗಳಲ್ಲಿ ಜಾಗವೇ ಇರಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ

ಜರ್ಮನಿಯಲ್ಲಿ ಮೂರು ಪಕ್ಷಗಳ ಮೈತ್ರಿ. ಶೋಲ್ಜ್ ಅವರ ಸೋಷಿಯಲ್ ಡೆಮಾಕ್ರಾಟರು, ಗ್ರೀನ್ಸ್, ಮತ್ತು ವ್ಯಾಪಾರಿಗಳ ಪರ ಮಾತಾಡುವ ಎಫ್‌ಡಿಪಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ದುಡ್ಡು ಇರುವ ತನಕ ಬಂಡಿ ಓಡಿತು. ಸಾಲ ಎಷ್ಟು ಮಾಡಬಹುದು ಎಂಬುದಕ್ಕೆ ಜರ್ಮನಿಯ ಸಂವಿಧಾನದಲ್ಲೇ ಬಿಗಿ ಮಿತಿ ಇದೆ. ಕೋವಿಡ್‌ಗೆಂದು ಮಂಜೂರಾಗಿ ಉಳಿದಿದ್ದ 60 ಶತಕೋಟಿ ಯೂರೊ ಸಾಲವನ್ನು ಸರ್ಕಾರ ಹವಾಮಾನ ನಿಧಿಗೆ ತಿರುಗಿಸಿತ್ತು. 2023ರ ನವೆಂಬರ್ 15ರಂದು ಸಾಂವಿಧಾನಿಕ ನ್ಯಾಯಾಲಯ ‘ಹಾಗೆಲ್ಲ ಮಾಡುವಂತಿಲ್ಲ’ ಎಂದು ಅದನ್ನು ಹೊಡೆದುಹಾಕಿತು. ದಿಢೀರ್ ಅಂತ ಖಜಾನೆಯಲ್ಲಿ ದೊಡ್ಡ ತೂತು.

ತೂತು ಮುಚ್ಚಲು ಸರ್ಕಾರ ರೈತರ ಡೀಸೆಲ್ ಸಬ್ಸಿಡಿಗೆ ಕೈ ಹಾಕಿತು. ಜನವರಿಯ ಕೊರೆಯುವ ಚಳಿಯಲ್ಲಿ ಬರ್ಲಿನ್‌ನ ಬ್ರಾಂಡೆನ್‌ಬುರ್ಗ್ ಗೇಟ್ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ನಿಂತಿತು. ಫ್ರಾನ್ಸ್‌ನಲ್ಲೂ ರೈತರು ರಸ್ತೆಗಿಳಿದರು. ಅಲ್ಲಿ ಅವರು ಊರ ಹೆಸರಿನ ಫಲಕಗಳನ್ನು ಬಿಚ್ಚಿ ತಲೆಕೆಳಗಾಗಿ ಜೋಡಿಸಿದ್ದರು. ದೇಶವೇ ತಲೆಕೆಳಗಾಗಿ ನಡೆಯುತ್ತಿದೆ ಎಂದು ಹೇಳುವ ರೀತಿ ಅದು. ಫಲಕ ತಿರುಗಿಸುವುದರಲ್ಲಿ ಯಾರಿಗೂ ಪೆಟ್ಟಿಲ್ಲ, ಬೆಂಕಿಯಿಲ್ಲ, ಬರೀ ಒಂದು ಸ್ಪ್ಯಾನರ್ ಸಾಕು. ಫೆಬ್ರುವರಿ ಹೊತ್ತಿಗೆ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಒಕ್ಕೂಟದವರು ಕೀಟನಾಶಕ ಬಳಕೆ ತಗ್ಗಿಸುವ ಕಾಯ್ದೆಯ ಕರಡನ್ನೇ ವಾಪಸ್ ತೆಗೆದುಕೊಂಡರು.

ಜರ್ಮನಿಯ ಮೈತ್ರಿ ಕುಂಟುತ್ತಾ ನವೆಂಬರ್ 6ರವರೆಗೆ ಬಂತು. ಆ ದಿನ ಬೆಳಗ್ಗೆ ಅಮೆರಿಕದಲ್ಲಿ ಟ್ರಂಪ್ ಗೆದ್ದ ಸುದ್ದಿ. ರಾತ್ರಿ ಶೋಲ್ಜ್ ತಮ್ಮ ಹಣಕಾಸು ಮಂತ್ರಿ, ಎಫ್‌ಡಿಪಿಯ ಕ್ರಿಶ್ಚಿಯನ್ ಲಿಂಡ್ನರ್ ಅವರನ್ನು ಮನೆಗೆ ಕಳಿಸಿದರು. ಜಗಳ ಬಜೆಟ್‌ನದೇ.

ಈ ನಡುವೆ ಸೆಪ್ಟೆಂಬರ್ 1ರಂದು ಟ್ಯೂರಿಂಗಿಯಾ ರಾಜ್ಯದಲ್ಲಿ ಎಎಫ್‌ಡಿ ಶೇ 32.8 ಪಡೆದು ಮೊದಲ ಸ್ಥಾನಕ್ಕೆ ಬಂದಿತ್ತು. ಎರಡನೇ ಮಹಾಯುದ್ಧದ ನಂತರ ಕಡುಬಲಪಂಥದ ಪಕ್ಷವೊಂದು ಜರ್ಮನಿಯ ಯಾವುದೇ ರಾಜ್ಯದಲ್ಲಿ ಮೊದಲು ಬಂದಿದ್ದು ಅದೇ ಮೊದಲ ಸಲ. ಅದಕ್ಕೆ ವಾರದ ಹಿಂದೆ ಜೋಲಿಂಗೆನ್ ಊರಿನ ಉತ್ಸವದಲ್ಲಿ ಆಶ್ರಯ ಕೇಳಿ ಬಂದಿದ್ದ ಸಿರಿಯಾದವನೊಬ್ಬ ಮೂವರನ್ನು ಇರಿದು ಕೊಂದಿದ್ದ. ವಲಸೆಯ ಭಯ ಬರೀ ಬೆಲೆ ಏರಿಕೆಯ ಮುಖವಾಡ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅದು ತನ್ನ ಕಾಲ ಮೇಲೆ ತಾನೇ ನಿಂತ ಭಯ. ಆದರೆ ಎರಡಕ್ಕೂ ಒಂದು ಹೋಲಿಕೆ ಇದೆ. 2024ರಲ್ಲಿ ಯುರೋಪಿಯನ್ ಒಕ್ಕೂಟದ ಗಡಿಯನ್ನು ಅಕ್ರಮವಾಗಿ ದಾಟಿದ ಪ್ರಕರಣಗಳು ಶೇ 38ರಷ್ಟು ಇಳಿದವು. ಅಂಕಿ ಇಳಿಯಿತು, ಆತಂಕ ಇಳಿಯಲಿಲ್ಲ. ಜನ ನೋಡುವುದು ಈ ವರ್ಷ ಎಷ್ಟು ಮಂದಿ ಬಂದರು ಎಂಬುದನ್ನಲ್ಲ, ತಮ್ಮ ಊರು ಹತ್ತು ವರ್ಷದಲ್ಲಿ ಎಷ್ಟು ಬದಲಾಯಿತು ಎಂಬುದನ್ನು. ಡೋನರ್ ಬೆಲೆಯ ಹಾಗೇ.

ಟ್ಯೂರಿಂಗಿಯಾದಲ್ಲಿ ಮೊದಲು ಬಂದರೂ ಎಎಫ್‌ಡಿಗೆ ಅಧಿಕಾರ ಸಿಗಲಿಲ್ಲ. ಉಳಿದ ಪಕ್ಷಗಳು ಅದರ ಜೊತೆ ಸೇರುವುದಿಲ್ಲ ಎಂದು ಗೋಡೆ ಕಟ್ಟಿಕೊಂಡಿವೆ. ಆಸ್ಟ್ರಿಯಾದಲ್ಲೂ ಸುಮಾರು ಇದೇ ಆಯಿತು. ಸೆಪ್ಟೆಂಬರ್ 29ರಂದು ಕಡುಬಲದ ಫ್ರೀಡಂ ಪಾರ್ಟಿ ಶೇ 28.8 ಪಡೆದು ದೇಶದ ಸಂಸತ್ ಚುನಾವಣೆಯಲ್ಲಿ ಮೊದಲ ಬಾರಿ ಮುಂದೆ ಬಂತು. ಉಳಿದವರು ತಿಂಗಳುಗಟ್ಟಲೆ ಮಾತಾಡಿದರು, ಮುರಿದುಕೊಂಡರು, ಜನವರಿಯಲ್ಲಿ ಫ್ರೀಡಂ ಪಾರ್ಟಿಯ ಹರ್ಬರ್ಟ್ ಕಿಕ್ಲ್ ಅವರಿಗೂ ಒಂದು ಅವಕಾಶ ಸಿಕ್ಕಿತು. ಅದೂ ಮುರಿಯಿತು. ಕೊನೆಗೆ 2025ರ ಮಾರ್ಚ್‌ನಲ್ಲಿ ಅವರನ್ನು ಹೊರಗಿಟ್ಟು ಮೂರು ಪಕ್ಷಗಳ ಸರ್ಕಾರ ಬಂತು. ಗೋಡೆ ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಂದು ಮಾತ್ರ ಕಣ್ಣಿಗೆ ಕಾಣುತ್ತದೆ. ಗೋಡೆಯಾಚೆ ಇರುವವರು ಯಾವ ಬಜೆಟ್‌ಗೂ ಲೆಕ್ಕ ಕೊಡಬೇಕಿಲ್ಲ. ಸರ್ಕಾರಕ್ಕೆ ಕೈ ಜೋಡಿಸಿದ ಫಿನ್ಸ್ ಪಕ್ಷ ಒಂದೇ ವರ್ಷದಲ್ಲಿ ಬೆಲೆ ತೆತ್ತಿತು.

ಎಲ್ಲಕ್ಕಿಂತ ವಿಚಿತ್ರ ಕಥೆ ರೊಮೇನಿಯಾದ್ದು. ನವೆಂಬರ್ 24ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಕಾಲಿನ್ ಜಾರ್ಜೆಸ್ಕು ಎಂಬ ಪಕ್ಷೇತರ ಶೇ 23ರಷ್ಟು ಮತ ಪಡೆದು ಎಲ್ಲರಿಗಿಂತ ಮುಂದೆ ಬಂದರು. ಸಮೀಕ್ಷೆಗಳಲ್ಲಿ ಅವರು ಹತ್ತಿರದಲ್ಲೂ ಇರಲಿಲ್ಲ. ಪ್ರಚಾರಕ್ಕೆ ಖರ್ಚು ಮಾಡಿದ್ದು ಸೊನ್ನೆ ಎಂದು ಲೆಕ್ಕ ಕೊಟ್ಟಿದ್ದರು. ಆದರೆ ಟಿಕ್‌ಟಾಕ್ ತುಂಬ ಅವರೇ. ಡಿಸೆಂಬರ್ 2ರಂದು ಸಾಂವಿಧಾನಿಕ ನ್ಯಾಯಾಲಯ ಫಲಿತಾಂಶ ಸರಿಯಿದೆ ಎಂದಿತು. ಎರಡು ದಿನ ಬಿಟ್ಟು, ಆ ಟಿಕ್‌ಟಾಕ್ ಪ್ರಚಾರದ ಹಿಂದೆ ಹೊರಗಿನವರ ಕೈವಾಡ ಶಂಕಿಸುವ ಗುಪ್ತಚರ ವರದಿಗಳು ಹೊರಬಿದ್ದವು. 6ರಂದು ಅದೇ ನ್ಯಾಯಾಲಯ ಇಡೀ ಚುನಾವಣೆಯನ್ನು ರದ್ದು ಮಾಡಿತು. ಹೊರದೇಶಗಳಲ್ಲಿರುವ ರೊಮೇನಿಯನ್ನರು ಅಷ್ಟರಲ್ಲಿ ಎರಡನೇ ಸುತ್ತಿನ ಮತ ಹಾಕಲು ಶುರು ಮಾಡಿಯಾಗಿತ್ತು. 2025ರ ಮೇ ತಿಂಗಳಲ್ಲಿ ಮತ್ತೆ ಚುನಾವಣೆ ನಡೆದು ಬುಕಾರೆಸ್ಟ್ ಮೇಯರ್ ನಿಕುಶೋರ್ ಡಾನ್ ಗೆದ್ದರು. ಹೊರಗಿನವರ ಕೈವಾಡ ಇದ್ದಿರಬಹುದು. ಆದರೆ ಟಿಕ್‌ಟಾಕ್ ಬೆಂಕಿ ಹಚ್ಚಬೇಕಾದರೆ ಒಣಹುಲ್ಲು ಮೊದಲೇ ಇರಬೇಕು. ಆ ದೇಶದ ಲಕ್ಷಗಟ್ಟಲೆ ಜನ ದುಡಿಯಲು ಇಟಲಿ, ಸ್ಪೇನ್, ಜರ್ಮನಿಗೆ ಹೋಗಿದ್ದಾರೆ. ಹುಲ್ಲು ಒಣಗಿದ್ದು ಒಂದು ವಾರದಲ್ಲಲ್ಲ.

ಈಗ ಮತ್ತೆ ಡೋನರ್ ಅಂಗಡಿಯ ದೇಶಕ್ಕೆ ಬರೋಣ. 2025ರ ಫೆಬ್ರುವರಿ 23ರ ಜರ್ಮನ್ ಚುನಾವಣೆಯನ್ನು ಆ ಉದ್ದನೆಯ ವರ್ಷದ ಕೊನೆಯ ಕಂತು ಎನ್ನಬಹುದು. ಮತ ಹಾಕಿದವರು ಶೇ 82.5. ಶೋಲ್ಜ್ ಪಕ್ಷ ಶೇ 16.4ಕ್ಕೆ ಕುಸಿಯಿತು. ಎಎಫ್‌ಡಿ ಶೇ 20.8ಕ್ಕೆ ಏರಿತು. ಜಗಳಗಂಟ ಎಫ್‌ಡಿಪಿ ಸಂಸತ್ತಿನಿಂದಲೇ ಹೊರಬಿತ್ತು. ಡೋನರ್‌ಗೆ ಮಿತಿ ಕೇಳಿ ನಗೆಪಾಟಲಾಗಿದ್ದ ಡಿ ಲಿಂಕೆ ಬಾಡಿಗೆ, ಬೆಲೆ ಅಂತಲೇ ಮಾತಾಡಿ ಶೇ 8.8ಕ್ಕೆ ಬಂತು.

ಜರ್ಮನಿಯಲ್ಲಿ ಶೇ 5 ಮತ ಬಾರದ ಪಕ್ಷಕ್ಕೆ ಸಾಮಾನ್ಯವಾಗಿ ಸಂಸತ್ತಿನಲ್ಲಿ ಜಾಗವಿಲ್ಲ. ಸಾರಾ ವಾಗೆನ್‌ಕ್ನೆಕ್ಟ್ ಅವರ ಹೊಸ ಪಕ್ಷಕ್ಕೆ ಬಂದಿದ್ದು ಶೇ 4.98. ಹತ್ತು ಸಾವಿರಕ್ಕೂ ಕಮ್ಮಿ ಮತ ಸಾಲದಾಯಿತು. ಆ ಪಕ್ಷ ಒಳಗೆ ಬಂದಿದ್ದರೆ, ಚುನಾವಣೆಯಲ್ಲಿ ಮೊದಲು ಬಂದಿದ್ದ ಫ್ರೀಡ್ರಿಕ್ ಮೆರ್ಜ್ ಅವರ ಕ್ರಿಶ್ಚಿಯನ್ ಡೆಮಾಕ್ರಾಟರು ಮತ್ತು ಸೋಷಿಯಲ್ ಡೆಮಾಕ್ರಾಟರು ಸೇರಿದರೂ ಬಹುಮತ ಆಗುತ್ತಿರಲಿಲ್ಲ, ಮೂರನೆಯವರನ್ನು ಹುಡುಕಬೇಕಿತ್ತು. ಬರಲಿಲ್ಲವಾದ್ದರಿಂದ ಇಬ್ಬರಿಗೇ 630ರಲ್ಲಿ 328 ಸೀಟಾಯಿತು.

ಮೇ 6ರಂದು ಮೆರ್ಜ್ ಅವರನ್ನು ಚಾನ್ಸಲರ್ ಆಗಿ ಆರಿಸಲು ಸಂಸತ್ತು ಸೇರಿತು. ಬೇಕಿದ್ದದ್ದು 316. ಬಿದ್ದದ್ದು 310. ಗೆದ್ದ ಮೈತ್ರಿಯ ನಾಯಕ ಮೊದಲ ಸುತ್ತಿನಲ್ಲೇ ಸೋತಿದ್ದು ಯುದ್ಧಾನಂತರದ ಜರ್ಮನಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಮಧ್ಯಾಹ್ನ ಎರಡನೇ ಸುತ್ತಿನಲ್ಲಿ 325 ಮತ ಬಿದ್ದು ಅವರು ಪಾರಾದರು. ಬೆಳಗ್ಗೆ ಕೈಕೊಟ್ಟವರು ಕಮ್ಮಿಯೆಂದರೂ 18 ಮಂದಿ, ಎಲ್ಲರೂ ಅವರದೇ ಕಡೆಯವರು. ಯಾರು ಅಂತ ಗೊತ್ತಾಗಲಿಲ್ಲ. ಮತದಾನ ಗುಪ್ತವಾಗಿತ್ತು.